ವಿಮಾನ ಕಾಯುವಾಗ ಜನರನ್ನು ನೋಡಿ!

ಕಳೆದ ಬೇಸಿಗೆ ರಜೆಯ ಮಾತು. ರಾತ್ರಿ ಹನ್ನೊಂದೂವರೆ. ನಮ್ಮ ದೇಶದ್ದೇ ಒಂದು ದೊಡ್ಡ ವಿಮಾನ ನಿಲ್ದಾಣ. ಹೆಸರು ಬೇಡ ಬಿಡಿ, ಇಂಥದ್ದು ಯಾವ ಊರಿನಲ್ಲಾದರೂ ನಡೆಯಬಹುದು. ನಾನು ಮತ್ತು ಆರನೇ ತರಗತಿಯ ನನ್ನ ಮೊಮ್ಮಗಳು ಸಿಂಗಪುರದ ವಿಮಾನಕ್ಕೆ ಕಾಯುತ್ತಿದ್ದೆವು. ಅಲ್ಲಿ ನನ್ನ ಕಿರಿಯ ಮಗಳು, ಅಂದರೆ ಅವಳ ಚಿಕ್ಕಮ್ಮ, ಇದ್ದಾಳೆ. ವಿಮಾನ ಮೂರು ಗಂಟೆ ತಡ ಎಂದು ಪರದೆಯ ಮೇಲೆ ಬಂತು. ಮೊಮ್ಮಗಳು ತಂದಿದ್ದ ಕತೆ ಪುಸ್ತಕ ಮುಗಿದಿತ್ತು. ನನ್ನ ಫೋನಿನ ಚಾರ್ಜು ಮುಗಿಯುತ್ತ ಬಂದಿತ್ತು. ಚಕ್ಕುಲಿ ಡಬ್ಬಿ ಅರ್ಧ ಖಾಲಿಯಾಗಿತ್ತು.

"ಅಜ್ಜಿ, ಬೋರು."

"ಹಾಗಾದ್ರೆ ಜನರನ್ನು ನೋಡು."

"ಜನರಲ್ಲಿ ನೋಡೋಕೆ ಏನಿದೆ?"

ಎದುರಿಗೆ ಬಿಳಿ ಅಂಗಿಯ ಹಿರಿಯರೊಬ್ಬರು ಕುಳಿತಿದ್ದರು. ಅವರ ಎದೆಯ ಜೇಬಿನಲ್ಲಿ ಪಾಸ್‌ಪೋರ್ಟು ಇಣುಕುತ್ತಿತ್ತು. "ಆ ತಾತ ಎಷ್ಟು ಸಲ ಜೇಬು ಮುಟ್ಟಿ ನೋಡಿಕೊಳ್ತಾರೆ, ಎಣಿಸು. ಕೈ ತೋರಿಸಬಾರದು, ನಗಬಾರದು. ಎಣಿಸಬೇಕು, ಅಷ್ಟೇ" ಎಂದೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಮಕ್ಕಳ ಕೈಗೆ ಲೆಕ್ಕ ಕೊಟ್ಟರೆ ಗದ್ದಲ ನಿಲ್ಲುತ್ತದೆ ಎಂಬುದು ಗೊತ್ತು.

ಹತ್ತು ನಿಮಿಷಕ್ಕೆ ವರದಿ ಬಂತು. "ತಾತ ಹನ್ನೊಂದು ಸಲ. ನೀನು ಬ್ಯಾಗಿನ ಜಿಪ್ ಎಳೆದು ನೋಡಿದ್ದು ಒಂಬತ್ತು ಸಲ ಅಜ್ಜಿ!"

ನನ್ನನ್ನೂ ಎಣಿಸಿದ್ದಳು. ಆಮೇಲೆ ಅವಳೇ ನೋಟ್‌ಬುಕ್ ತೆಗೆದು ಬರೆಯಲು ಕುಳಿತಳು. ನೆಲದ ಮೇಲೆ ಮಲಗಿದವರು ಆರು. ಶೂ ಬಿಚ್ಚಿ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿದವರು ನಾಲ್ಕು. ಚಾರ್ಜರ್ ಚುಚ್ಚುವ ಜಾಗ ಹುಡುಕುತ್ತ ಗೋಡೆಯನ್ನೇ ನೋಡಿಕೊಂಡು ನಡೆಯುವವರು ಒಂಬತ್ತು. ಗೋಡೆಯ ಪಕ್ಕ ಸಾಲಾಗಿ ನಿಲ್ಲಿಸಿದ್ದ ವೀಲ್‌ಚೇರುಗಳಲ್ಲಿ ಕುಳಿತವರು ನಾಲ್ಕು. ಆ ನಾಲ್ವರಲ್ಲಿ ಹಸಿರು ಇಳಕಲ್ ಸೀರೆ ಉಟ್ಟ ಒಬ್ಬ ಅಜ್ಜಿ ಎದ್ದು, ಚುರುಕಾಗಿ ನಡೆದು ಹೋಗಿ ಬಾಟಲಿಗೆ ನೀರು ಹಿಡಿದುಕೊಂಡು ಬಂದು ಮತ್ತೆ ವೀಲ್‌ಚೇರಿನಲ್ಲೇ ಕುಳಿತರು.

ಮೊಮ್ಮಗಳು ನನ್ನ ಕಿವಿಯ ಹತ್ತಿರ ಬಂದಳು. "ಅಜ್ಜಿ, ಅವರಿಗೆ ನಡೆಯೋಕೆ ಬರುತ್ತೆ! ಮತ್ತೆ ವೀಲ್‌ಚೇರು ಯಾಕೆ? ಸುಳ್ಳು ಹೇಳಿದ ಹಾಗಾಗಲ್ವಾ?"

ನನ್ನ ಬಳಿ ಉತ್ತರ ಇರಲಿಲ್ಲ. "ಇರು, ನೋಡೋಣ" ಎಂದೆ. ಉತ್ತರ ಅದೇ ರಾತ್ರಿ ಸಿಕ್ಕಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಅಲ್ಲಿಯವರೆಗೆ, ಆ ಮೂರು ಗಂಟೆಯಲ್ಲಿ ಮೊಮ್ಮಗಳಿಗೆ ಹೇಳಿದ ಬೇರೆ ಬೇರೆ ನಿಲ್ದಾಣಗಳ ಸಂಗತಿಗಳನ್ನು ನಿಮಗೂ ಹೇಳುತ್ತೇನೆ. ಕೆಲವು ನಾನೇ ಕಂಡದ್ದು, ಕೆಲವು ಓದಿ ತಿಳಿದದ್ದು.

ಜನರನ್ನು ನೋಡುವುದು ಕೆಲಸವಿಲ್ಲದವರ ಕೆಲಸ ಎಂದುಕೊಳ್ಳಬೇಡಿ. ಅಲೇನ್ ದ ಬಾಟನ್ ಎಂಬ ಲೇಖಕರನ್ನು 2009ರಲ್ಲಿ ಲಂಡನ್ನಿನ ಹೀಥ್ರೂ ನಿಲ್ದಾಣದವರೇ ಕರೆಸಿ, ಐದನೇ ಟರ್ಮಿನಲ್‌ನಲ್ಲಿ ಒಂದು ಮೇಜು ಹಾಕಿಕೊಟ್ಟು ಕೂರಿಸಿದ್ದರು. ಒಂದು ವಾರ ಅಲ್ಲೇ ಇದ್ದು, ಬರುವವರನ್ನೂ ಹೋಗುವವರನ್ನೂ ನೋಡಿ ಅವರು ಒಂದು ಪುಸ್ತಕವನ್ನೇ ಬರೆದರು.

ಬಾಗಿಲ ಹೊರಗಿನ ಬೀಳ್ಕೊಡುಗೆ

ನಮ್ಮ ದೇಶದಲ್ಲಿ ಟಿಕೆಟ್ ಇಲ್ಲದವರನ್ನು ಸಾಮಾನ್ಯವಾಗಿ ಟರ್ಮಿನಲ್ ಒಳಗೆ ಬಿಡುವುದಿಲ್ಲ. ಬಾಗಿಲಲ್ಲೇ ಭದ್ರತಾ ಸಿಬ್ಬಂದಿ ಟಿಕೆಟ್ಟನ್ನೂ ಗುರುತಿನ ಚೀಟಿಯನ್ನೂ ನೋಡುತ್ತಾರೆ. ಹಾಗಾಗಿ ಅಳು, ಅಪ್ಪುಗೆ, ಕಾಲಿಗೆ ಬೀಳುವುದು, "ಮುಟ್ಟಿದ ಕೂಡಲೇ ಫೋನ್ ಮಾಡು" ಎನ್ನುವುದು ಎಲ್ಲವೂ ಬಾಗಿಲ ಹೊರಗೇ ಮುಗಿಯಬೇಕು.

ಇದನ್ನು ಚೆನ್ನಾಗಿ ನೋಡಬೇಕೆಂದರೆ ಮಂಗಳೂರಿಗೆ ಹೋಗಬೇಕು. ಅಲ್ಲಿನ ವಿಮಾನ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿದೆ. ಮೇಜಿನ ಹಲಗೆಯಂತೆ ಸುತ್ತಲೂ ಇಳಿಜಾರು ಇರುವುದರಿಂದ ಅಂಥ ರನ್‌ವೇಗೆ ಟೇಬಲ್‌ಟಾಪ್ ಎನ್ನುತ್ತಾರೆ. ದುಬೈಗೋ ಅಬುಧಾಬಿಗೋ ಕೆಲಸಕ್ಕೆ ಹೊರಟ ಒಬ್ಬ ಹುಡುಗನನ್ನು ಕಳಿಸಲು ಜೀಪು ತುಂಬ ಜನ ಬಂದದ್ದನ್ನು ನಾನು ಕಂಡಿದ್ದೇನೆ. ಹುಡುಗ ಒಳಗೆ ಹೋದ ಮೇಲೂ ಗಾಜಿನ ಗೋಡೆಗೆ ಕೈ ಅಡ್ಡ ಹಿಡಿದು ಇಣುಕುತ್ತಾರೆ. ಒಳಗೆ ಅವನು ಒಂದು ಸಲ ತಿರುಗಿ ಕೈ ಬೀಸಿದರೆ ಹೊರಗೆ ಹತ್ತು ಕೈ ಏಳುತ್ತವೆ. ಅವನು ಕಾಣದಾದ ಮೇಲೂ ಹೊರಡುವುದಿಲ್ಲ. ವಿಮಾನ ಏರಿದ ಸದ್ದು ಕೇಳಿಸಬೇಕು, ಆಮೇಲೆ ಜೀಪು ಹತ್ತುವುದು.

ನ್ಯೂಜಿಲೆಂಡಿನ ಡುನೆಡಿನ್ ಎಂಬ ಪುಟ್ಟ ನಿಲ್ದಾಣದವರು 2024ರಲ್ಲಿ ಕಾರು ನಿಲ್ಲುವ ಜಾಗದಲ್ಲಿ ಒಂದು ಫಲಕ ಹಾಕಿದರು. ಅಪ್ಪುಗೆಗೆ ಗರಿಷ್ಠ 3 ನಿಮಿಷ, ಇನ್ನೂ ಹೆಚ್ಚು ಪ್ರೀತಿಯ ವಿದಾಯ ಬೇಕಿದ್ದರೆ ದಯವಿಟ್ಟು ಪಾರ್ಕಿಂಗ್ ಜಾಗ ಬಳಸಿ ಎಂಬುದು ಅದರ ತಾತ್ಪರ್ಯ. ಜಗತ್ತಿನಾದ್ಯಂತ ಪತ್ರಿಕೆಗಳಲ್ಲಿ ಆ ಫಲಕದ ಚಿತ್ರ ಬಂತು. ಕೆಲವರು ನಕ್ಕರು, ಕೆಲವರು ಸಿಟ್ಟಾದರು. ಹಿಂದಿನ ಕಾರುಗಳು ಕಾಯಬಾರದು ಎಂಬ ಕಷ್ಟವನ್ನು ಗದರಿಸದೆ, ನಗಿಸಿ ಹೇಳುವ ಉಪಾಯ ಅದು.

"ಮಂಗಳೂರಲ್ಲಿ ಆ ಬೋರ್ಡು ಹಾಕಿದ್ರೆ?" ಎಂದು ಮೊಮ್ಮಗಳು ಕೇಳಿದಳು.

"ಒಬ್ಬೊಬ್ಬರಿಗೆ ಮೂರು ನಿಮಿಷ ಅಂತ ಲೆಕ್ಕ ಹಾಕಿಕೊಳ್ತಾರೆ. ಹನ್ನೆರಡು ಜನಕ್ಕೆ ಮೂವತ್ತಾರು ನಿಮಿಷ!" ಎಂದೆ.

ಒಂದು ಪೆನ್ನಿಗೆ ಹತ್ತು ಕೈ

ಮೊದಲು ವಿದೇಶಕ್ಕೆ ಹೊರಡುವಾಗ ನಮ್ಮ ನಿಲ್ದಾಣಗಳಲ್ಲಿ ಒಂದು ಚೀಟಿ ತುಂಬಬೇಕಿತ್ತು. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹೋಗುವ ಊರು, ಎಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. 2017ರ ಜುಲೈಯಿಂದ ಭಾರತೀಯರಿಗೆ ಆ ಚೀಟಿ ನಿಂತಿತು. ಆ ಕಾಲದಲ್ಲಿ ಪ್ರಯಾಣ ಮಾಡಿದ ಅಜ್ಜ ಅಜ್ಜಿಯರಿಗೆ ನೆನಪಿರಬಹುದು. ಜೇಬಿನಲ್ಲಿ ಪೆನ್ನು ಇದ್ದವರೇ ಅಲ್ಲಿ ದೊಡ್ಡವರು. ನಾನೊಮ್ಮೆ ಮಂಗಳೂರಿನಲ್ಲಿ ಹೀಗೆ ಪೆನ್ನು ತೆಗೆದು ನನ್ನ ಚೀಟಿ ತುಂಬುತ್ತಿದ್ದಾಗ ಪಕ್ಕದ ಹುಡುಗ "ಅಮ್ಮಾ, ನಂದೂ ಒಂಚೂರು" ಎಂದ. ಅವನದನ್ನು ಬರೆದುಕೊಟ್ಟೆ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಹನ್ನೊಂದು ಚೀಟಿ ತುಂಬಿ ಏಳುವ ಹೊತ್ತಿಗೆ ಅಷ್ಟೂ ಹುಡುಗರ ಊರು, ಮನೆ, ತಂಗಿಯ ಮದುವೆ ಯಾವಾಗ ಎಂಬುದೆಲ್ಲ ನನಗೆ ಗೊತ್ತಾಗಿತ್ತು.

ಚೀಟಿ ಹೋಯಿತು, ಒಳ್ಳೆಯದೇ ಆಯಿತು. ಈಗ ಬೆಂಗಳೂರಿನಂಥ ನಿಲ್ದಾಣಗಳಲ್ಲಿ ಒಳನಾಡಿನ ಪ್ರಯಾಣಕ್ಕೆ ಮುಖವನ್ನೇ ಗುರುತು ಹಿಡಿದು ಬಾಗಿಲು ತೆರೆಯುವ 'ಡಿಜಿ ಯಾತ್ರಾ' ವ್ಯವಸ್ಥೆಯೂ ಬಂದಿದೆ. 2022ರ ಡಿಸೆಂಬರಿನಲ್ಲಿ ಅದು ಮೊದಲು ಶುರುವಾದದ್ದು ದೆಹಲಿ, ವಾರಾಣಸಿ ಮತ್ತು ಬೆಂಗಳೂರಿನಲ್ಲಿ. ಕೆಲಸ ಬೇಗ ಆಗುತ್ತದೆ. ಆದರೆ ಪೆನ್ನು ಕೇಳುವ ನೆಪದಲ್ಲಿ ನಡೆಯುತ್ತಿದ್ದ ಮಾತು ಈಗ ಇಲ್ಲ. ಯಾರಿಗಾದರೂ ಏನಾದರೂ ತಿಳಿಯದಿದ್ದರೆ ಅವರು ಸುಮ್ಮನೆ ಕುಳಿತಿರುತ್ತಾರೆ, ಪಕ್ಕದವರಿಗೆ ಗೊತ್ತೇ ಆಗುವುದಿಲ್ಲ.

ನೆಲದ ಮೇಲೆ ತೆರೆದ ಸೂಟ್‌ಕೇಸು

ಬ್ಯಾಗು ತೂಗುವ ಕೌಂಟರಿನ ಮುಂದೆ ನಿಂತರೆ ಒಂದು ಮನೆಯ ಅಡುಗೆಕೋಣೆಯೇ ಕಾಣುತ್ತದೆ. ತೂಕ ಹೆಚ್ಚಾಯಿತೆಂದರೆ ಸೂಟ್‌ಕೇಸು ನೆಲದ ಮೇಲೆ ತೆರೆದುಕೊಳ್ಳುತ್ತದೆ. ಸಾರಿನ ಪುಡಿ ಈ ಬ್ಯಾಗಿಗೆ, ಹಪ್ಪಳ ಆ ಬ್ಯಾಗಿಗೆ, ಅಪ್ಪನ ಸ್ವೆಟರ್ ಅಪ್ಪನ ಮೈಮೇಲೆ. ಬಿಸಿಲಿನ ಊರಿನಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಬೆವರುತ್ತ ನಿಂತವರನ್ನು ಕಂಡರೆ ನಗಬೇಡಿ. ಅವರ ಮಗಳಿಗೆ ಎರಡು ಕಿಲೋ ಸಾರಿನ ಪುಡಿ ತಲುಪುತ್ತಿದೆ ಎಂದು ತಿಳಿಯಿರಿ.

ಕೆಲವು ನಿಯಮಗಳಿಗೆ ಕಾರಣ ಗೊತ್ತಿದ್ದರೆ ಸಿಟ್ಟು ಬರುವುದಿಲ್ಲ. ಒಣ ಕೊಬ್ಬರಿಯನ್ನು ಬಿಡುವುದಿಲ್ಲ, ಯಾಕೆಂದರೆ ಅದರಲ್ಲಿ ಎಣ್ಣೆಯ ಅಂಶ ಹೆಚ್ಚು, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದು ಇದೆ. ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಡಬೇಕು, ಯಾಕೆಂದರೆ ಲಿಥಿಯಂ ಬ್ಯಾಟರಿ ಹೊಗೆಯಾಡಿದರೆ ಪಕ್ಕದಲ್ಲಿ ಮನುಷ್ಯರಿದ್ದು ಆರಿಸಬೇಕು. ವಿದೇಶ ಪ್ರಯಾಣದಲ್ಲಿ ಕೈಚೀಲದೊಳಗೆ 100 ಮಿಲಿಲೀಟರಿಗಿಂತ ದೊಡ್ಡ ದ್ರವದ ಬಾಟಲಿ ಬಿಡದಿರುವುದು 2006ರಿಂದ ಬಂದ ರೂಢಿ. ಆ ವರ್ಷ ಲಂಡನ್ನಿನಲ್ಲಿ ದ್ರವರೂಪದ ಸ್ಫೋಟಕದ ಸಂಚೊಂದು ಬಯಲಾಯಿತು. ಅಂದಿನಿಂದ ಅಜ್ಜಿಯರ ಉಪ್ಪಿನಕಾಯಿಯ ಎಣ್ಣೆಗೂ ಲೆಕ್ಕ ಬಂತು!

ಮದುವೆ ಮನೆಯ ಎರಡನೇ ಪಂಕ್ತಿ

ವಿಮಾನದಲ್ಲಿ ಪ್ರತಿಯೊಬ್ಬರಿಗೂ ಸೀಟಿನ ಸಂಖ್ಯೆ ಇದೆ. ನಿಮ್ಮ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ಆದರೂ ಗೇಟಿನ ಹತ್ತಿರ ಸಿಬ್ಬಂದಿ ಮೈಕ್ ಹಿಡಿದ ಕೂಡಲೇ ಎಲ್ಲರೂ ಎದ್ದು ಮುತ್ತಿಕೊಳ್ಳುತ್ತಾರೆ. "ಮದುವೆ ಮನೆಯಲ್ಲಿ ಊಟ ಮಾಡುವವರ ಕುರ್ಚಿಯ ಹಿಂದೆ ಎರಡನೇ ಪಂಕ್ತಿಯವರು ನಿಲ್ಲುವ ಹಾಗೆ" ಎಂದು ಮೊಮ್ಮಗಳು ಬರೆದುಕೊಂಡಳು. ಸರಿಯಾದ ಹೋಲಿಕೆ.

ಇದು ನಮ್ಮವರ ಗುಣ ಮಾತ್ರ ಎಂದು ನಾವು ಮುಜುಗರ ಪಡುತ್ತೇವೆ. ಹಾಗೇನಿಲ್ಲ. ಅಮೆರಿಕದಲ್ಲಿ ಹೀಗೆ ಮುತ್ತುವವರಿಗೆ 'ಗೇಟಿನ ಹೇನುಗಳು' ಎಂಬ ಅಡ್ಡಹೆಸರೇ ಇದೆ. ಅಲ್ಲಿನ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ 2024ರಲ್ಲಿ, ತಮ್ಮ ಗುಂಪಿನ ಸರದಿಗೆ ಮೊದಲೇ ಬಂದವರ ಪಾಸನ್ನು ತೋರಿಸಿದರೆ ಸದ್ದು ಮಾಡುವ ಯಂತ್ರವನ್ನು ಹಲವು ನಿಲ್ದಾಣಗಳಲ್ಲಿ ತಂದಿತು. ಸೀಟು ಇದ್ದರೂ ಈ ಆತುರ ಯಾಕೆ? ತಲೆಯ ಮೇಲಿನ ಸಾಮಾನು ಪೆಟ್ಟಿಗೆ ಮೊದಲು ಬಂದವರಿಗೆ ಸಿಗುತ್ತದೆ, ಅದೊಂದು ಕಾರಣ. ಎಲ್ಲರೂ ಎದ್ದಿದ್ದಾರೆ, ನಾನೊಬ್ಬನೇ ಉಳಿದರೆ ಎಂಬ ಅಳುಕು ಇನ್ನೊಂದು.

ಮಕ್ಕಳೇ, ಇಲ್ಲೊಂದು ಲೆಕ್ಕ. ವಿಮಾನಕ್ಕೆ ಜನರನ್ನು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಹತ್ತಿಸಿದರೆ ಬೇಗ ಆಗುತ್ತದೆ ಎಂದು ಅನಿಸುತ್ತದೆ ಅಲ್ಲವೇ? ಜೇಸನ್ ಸ್ಟೆಫನ್ ಎಂಬ ಖಭೌತ ವಿಜ್ಞಾನಿ 2008ರಲ್ಲಿ ಇದನ್ನು ಗಣಿತದಿಂದ ಪರೀಕ್ಷಿಸಿದರು. ಆಮೇಲೆ ನಿಜವಾದ ಜನರನ್ನಿಟ್ಟುಕೊಂಡೂ ಪ್ರಯೋಗ ನಡೆಯಿತು. ಹಿಂದಿನಿಂದ ಹತ್ತಿಸುವುದಕ್ಕಿಂತ ಯಾರು ಬೇಕಾದರೂ ಹೇಗೆ ಬೇಕಾದರೂ ಹತ್ತುವುದೇ ಬೇಗ ಎಂದು ಕಂಡುಬಂತು! ಒಂದೇ ಜಾಗದ ಸಾಲಿನವರೆಲ್ಲ ಒಟ್ಟಿಗೆ ಬಂದರೆ ಅವರು ಒಬ್ಬರಿಗೊಬ್ಬರು ಅಡ್ಡ ನಿಂತು ಬ್ಯಾಗು ಏರಿಸುತ್ತಾರೆ, ಉಳಿದವರು ಕಾಯುತ್ತಾರೆ. ಎಲ್ಲಕ್ಕಿಂತ ಬೇಗ ಆದದ್ದು ಕಿಟಕಿ ಸೀಟಿನವರನ್ನು ಮೊದಲು, ಅದೂ ಒಂದು ಸಾಲು ಬಿಟ್ಟು ಒಂದು ಸಾಲಿನಂತೆ ಕರೆದಾಗ.

ಇನ್ನು ಸಾಲಿನಲ್ಲಿ ಮೈಗೆ ಮೈ ತಾಗಿಸಿ ನಿಲ್ಲುವ ವಿಷಯ. ಎಡ್ವರ್ಡ್ ಹಾಲ್ ಎಂಬ ಮಾನವಶಾಸ್ತ್ರಜ್ಞರು 1966ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಪ್ರತಿ ಮನುಷ್ಯನ ಸುತ್ತ ಕಣ್ಣಿಗೆ ಕಾಣದ ಗೆರೆಗಳಿರುತ್ತವೆ ಎಂದರು. ಅವರು ಅಮೆರಿಕದಲ್ಲಿ ನೋಡಿದಂತೆ ಸುಮಾರು ಒಂದೂವರೆ ಅಡಿಯೊಳಗೆ ಬರಲು ತೀರಾ ಆಪ್ತರಿಗೆ ಮಾತ್ರ ಅವಕಾಶ. ನಾಲ್ಕು ಅಡಿಯವರೆಗೆ ಸ್ನೇಹಿತರಿಗೆ. ಈ ಗೆರೆ ನಾಡಿನಿಂದ ನಾಡಿಗೆ ಬದಲಾಗುತ್ತದೆ. ಸಿಟಿ ಬಸ್ಸಿನಲ್ಲಿ ಬೆಳೆದ ನಮಗೆ ಮುಂದಿನವರಿಗೂ ನಮಗೂ ನಡುವೆ ಎರಡಡಿ ಜಾಗ ಬಿಟ್ಟರೆ ಅದು ಸಾಲೇ ಅಲ್ಲ, ಮಧ್ಯೆ ಯಾರೋ ನುಗ್ಗುತ್ತಾರೆ. ಅನುಭವ ಕಲಿಸಿದ ಪಾಠ ಅದು. ಆದರೆ ಹಗ್ಗ ಕಟ್ಟಿ ಹಾವಿನಂತೆ ಸುತ್ತಿಸಿದ ಒಂದೇ ಸಾಲು ಇರುವಲ್ಲಿ, ಯಾರೂ ನುಗ್ಗಲಾರರು ಎಂದು ಖಾತ್ರಿಯಾದ ಮೇಲೆ, ಅದೇ ಜನ ಆರಾಮವಾಗಿ ದೂರ ದೂರ ನಿಲ್ಲುತ್ತಾರೆ. ಬೆಂಗಳೂರಿನಲ್ಲೂ ಇದನ್ನು ಕಂಡಿದ್ದೇನೆ, ದುಬೈಯಲ್ಲೂ ಕಂಡಿದ್ದೇನೆ.

ರಾತ್ರಿ ಮೂರಕ್ಕೆ ಹಗಲು

ದುಬೈ ನಿಲ್ದಾಣಕ್ಕೆ ರಾತ್ರಿ ಎಂಬುದೇ ಇಲ್ಲ. 2024ರಲ್ಲಿ ಅಲ್ಲಿ 9.23 ಕೋಟಿ ಜನ ಓಡಾಡಿದರು. ರಾತ್ರಿ ಮೂರು ಗಂಟೆಗೆ ಚಿನ್ನದ ಅಂಗಡಿಯಲ್ಲಿ ಚೌಕಾಸಿ ನಡೆಯುತ್ತಿರುತ್ತದೆ. ಅದರ ಎದುರಿನ ನೆಲದಲ್ಲೇ ಬ್ಯಾಗನ್ನು ತಲೆದಿಂಬು ಮಾಡಿ, ಅದರ ಪಟ್ಟಿಯನ್ನು ಕೈಗೆ ಸುತ್ತಿಕೊಂಡು ಜನ ಮಲಗಿರುತ್ತಾರೆ. ನಾನು ನೋಡಿದ್ದು ಒಂದು ವಿಶೇಷ: ಒಬ್ಬರೇ ಇರುವವರು ಗೋಡೆಗೆ ಒರಗಿ ಮಲಗುತ್ತಾರೆ. ಗುಂಪಾಗಿ ಬಂದವರು ಸುತ್ತ ಕುಳಿತು, ಬುತ್ತಿ ಬಿಚ್ಚಿ ಉಂಡು, ಸರದಿಯಂತೆ ಒಬ್ಬರನ್ನು ಎಚ್ಚರವಿರಲು ಬಿಟ್ಟು ಮಲಗುತ್ತಾರೆ. ಜಾತ್ರೆಗೆ ಹೋದಾಗ ದೇವಸ್ಥಾನದ ಜಗುಲಿಯಲ್ಲಿ ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಇದೇ.

ಸಿಂಗಪುರದ ಚಾಂಗಿ ಬೇರೆಯೇ ಬಗೆ. ಅಲ್ಲಿಗೆ ಎಲ್ಲಿಗೂ ಹೋಗದವರೂ ಬರುತ್ತಾರೆ! 2019ರಲ್ಲಿ ಅಲ್ಲಿ 'ಜ್ಯುವೆಲ್' ಎಂಬ ಗಾಜಿನ ಗುಮ್ಮಟ ತೆರೆಯಿತು. ಅದರ ನೆತ್ತಿಯಿಂದ 40 ಮೀಟರ್ ಎತ್ತರದ ಜಲಪಾತ ಬೀಳುತ್ತದೆ, ಸುತ್ತ ಕಾಡಿನಂತೆ ಗಿಡಮರ. ಪಕ್ಕದ ಟರ್ಮಿನಲ್‌ಗಳ ಮೂಲೆಗಳಲ್ಲಿ ಪುಸ್ತಕ ಹರಡಿಕೊಂಡು ಪರೀಕ್ಷೆಗೆ ಓದುವ ವಿದ್ಯಾರ್ಥಿಗಳನ್ನು ನೀವು ನೋಡಬಹುದು. ತಂಪು, ಬೆಳಕು, ಅಗ್ಗದ ಊಟ ಎಲ್ಲ ಒಂದೇ ಕಡೆ. ಸಂಜೆಯ ವಾಕಿಂಗಿಗೆ ಅಲ್ಲಿನ ಅಜ್ಜ ಅಜ್ಜಿಯರು ಬರುತ್ತಾರೆ. ನಮ್ಮ ಬೆಂಗಳೂರಿನ ಎರಡನೇ ಟರ್ಮಿನಲ್ ಕೂಡ ತೂಗುವ ತೋಟ, ಬಿದಿರಿನ ಚಾವಣಿ ಇಟ್ಟುಕೊಂಡು 2022ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಗಿಡಗಳ ಹತ್ತಿರ ಜನ ದನಿ ತಗ್ಗಿಸಿ ಮಾತಾಡುವುದನ್ನು ನಾನು ಗಮನಿಸಿದ್ದೇನೆ. ತೋಟಕ್ಕೆ ಹೋದರೆ ಯಾರೂ ಹೇಳದೆಯೇ ನಾವು ಮೆಲ್ಲಗೆ ಮಾತಾಡುತ್ತೇವಲ್ಲ, ಹಾಗೆ.

ಗದರಿಸದೆ ತಿದ್ದುವ ಉಪಾಯ

ಅಮೆರಿಕದ ಹ್ಯೂಸ್ಟನ್ ನಿಲ್ದಾಣದ ಒಂದು ಪ್ರಸಂಗ ಬಹಳ ಪ್ರಸಿದ್ಧ. ಸಾಮಾನು ಬರಲು ತಡವಾಗುತ್ತದೆ ಎಂದು ಪ್ರಯಾಣಿಕರು ದೂರುತ್ತಿದ್ದರು. ಕೆಲಸದವರನ್ನು ಹೆಚ್ಚಿಸಿ ಕಾಯುವ ಸಮಯವನ್ನು ಎಂಟು ನಿಮಿಷಕ್ಕೆ ಇಳಿಸಿದರು. ದೂರು ನಿಲ್ಲಲಿಲ್ಲ. ಆಮೇಲೆ ನೋಡಿದರೆ, ಇಳಿದ ಜಾಗದಿಂದ ಸಾಮಾನಿನ ಪಟ್ಟಿಗೆ ನಡೆಯಲು ಒಂದೇ ನಿಮಿಷ, ನಿಂತು ಕಾಯಲು ಏಳು ನಿಮಿಷ! ಅವರು ಮಾಡಿದ್ದಿಷ್ಟೇ: ಜನ ಇಳಿಯುವ ಜಾಗವನ್ನು ದೂರಕ್ಕೆ ಸರಿಸಿದರು. ಈಗ ಆರು ಪಟ್ಟು ಹೆಚ್ಚು ನಡೆಯಬೇಕು. ತಲುಪುವ ಹೊತ್ತಿಗೆ ಸಾಮಾನು ಬಂದಿರುತ್ತದೆ. ದೂರು ಹೆಚ್ಚುಕಡಿಮೆ ನಿಂತೇಹೋಯಿತು. ಒಟ್ಟು ಸಮಯ ಅಷ್ಟೇ, ಕಾಲಿಗೆ ಕೆಲಸ ಸಿಕ್ಕಿತು, ಬಾಯಿ ಸುಮ್ಮನಾಯಿತು.

ಆಮ್‌ಸ್ಟರ್‌ಡಾಮಿನ ಸ್ಕಿಪೊಲ್ ನಿಲ್ದಾಣದ ಗಂಡಸರ ಶೌಚಾಲಯದ ಕತೆ ಕೇಳಿ ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೂತ್ರದ ಬೋಗುಣಿಯೊಳಗೆ ಒಂದು ನೊಣದ ಚಿತ್ರ ಕೆತ್ತಿದರಂತೆ. ಗುರಿ ಕಂಡರೆ ಗಂಡಸರು ಬಿಡುತ್ತಾರೆಯೇ? ನೆಲ ಮೊದಲಿಗಿಂತ ಸ್ವಚ್ಛವಾಯಿತು.

ಜಪಾನಿನ ನಿಲ್ದಾಣಗಳಲ್ಲಿ ಸಾಮಾನಿನ ಪಟ್ಟಿಯ ಹತ್ತಿರ ನೂಕುನುಗ್ಗಲು ಕಡಿಮೆ. ಅಲ್ಲಿನ ಕೆಲಸಗಾರರು ಸೂಟ್‌ಕೇಸುಗಳ ಹಿಡಿಕೆ ಹೊರಮುಖವಾಗಿ, ಕೈಗೆ ಸಿಗುವಂತೆ ಜೋಡಿಸಿ ಇಡುವುದುಂಟು. 1994ರಲ್ಲಿ ಶುರುವಾದ ಅಲ್ಲಿನ ಕನ್ಸಾಯಿ ನಿಲ್ದಾಣ ಮೂವತ್ತು ವರ್ಷದಲ್ಲಿ ಒಂದೇ ಒಂದು ಬ್ಯಾಗನ್ನೂ ಕಳೆದಿಲ್ಲ ಎಂದು 2024ರಲ್ಲಿ ದೊಡ್ಡ ಸುದ್ದಿಯಾಯಿತು. ವಿಮಾನ ಹೊರಡುವಾಗ ನೆಲದ ಸಿಬ್ಬಂದಿ ಸಾಲಾಗಿ ನಿಂತು, ಬಾಗಿ, ಕೈ ಬೀಸುತ್ತಾರೆ. ಕಿಟಕಿಯಿಂದ ಯಾರಾದರೂ ನೋಡುತ್ತಿದ್ದಾರೆಯೇ ಇಲ್ಲವೇ ಎಂದು ಅವರಿಗೆ ತಿಳಿಯುವುದಿಲ್ಲ, ಆದರೂ ಬೀಸುತ್ತಾರೆ. ತನ್ನ ಬ್ಯಾಗು ಬಂದೇ ಬರುತ್ತದೆ ಎಂದು ನಂಬಿದವನು ಪಟ್ಟಿಗೆ ಯಾಕೆ ಮುತ್ತುತ್ತಾನೆ?

ಇಷ್ಟು ಹೇಳುವ ಹೊತ್ತಿಗೆ ಮೊಮ್ಮಗಳು ಪೆನ್ಸಿಲ್ ಕಚ್ಚುತ್ತ ಹೇಳಿದಳು: "ಅಜ್ಜಿ, ಹಾಗಾದ್ರೆ ಜನ ಕೆಟ್ಟವರಲ್ಲ. ಏನಾಗುತ್ತೆ ಅಂತ ಗೊತ್ತಿಲ್ಲದೆ ಇದ್ದಾಗ ಹಾಗೆ ಮಾಡ್ತಾರೆ."

ಎಲ್ಲರೂ ಎದ್ದರು, ಒಬ್ಬರು ಉಳಿದರು

ಈಗ ಆ ರಾತ್ರಿಗೆ ಮರಳೋಣ. ಗಂಟೆ ಎರಡಾಗಿತ್ತು. ಧ್ವನಿವರ್ಧಕದಲ್ಲಿ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಒಂದೊಂದು ಸಲ ಅವಸರದಲ್ಲಿ ಏನೋ ಹೇಳಿದರು. ನಮ್ಮ ವಿಮಾನದ ಗೇಟು ಬದಲಾಗಿತ್ತು. ಹದಿನಾಲ್ಕಲ್ಲ, ಇಪ್ಪತ್ತಾರು. ಅದು ನಿಲ್ದಾಣದ ಇನ್ನೊಂದು ತುದಿ. ಒಂದೇ ಕ್ಷಣದಲ್ಲಿ ಎಲ್ಲರೂ ಎದ್ದರು. ಮಲಗಿದ್ದವರು ಎದ್ದರು, ಬಿಳಿ ಅಂಗಿಯ ತಾತ ಜೇಬು ಮುಟ್ಟಿಕೊಂಡು ಎದ್ದರು, ಬ್ಯಾಗುಗಳ ಚಕ್ರ ಗಡಗಡ ಎಂದವು. ನಾನೂ ಮೊಮ್ಮಗಳ ಕೈ ಹಿಡಿದು ಹೊರಟೆ.

ಇಪ್ಪತ್ತು ಹೆಜ್ಜೆ ಹೋಗಿರಬಹುದು. ಅವಳು ಕೈ ಎಳೆದು ನಿಲ್ಲಿಸಿದಳು.

"ಅಜ್ಜಿ, ವೀಲ್‌ಚೇರಲ್ಲಿ ನಾಲ್ಕು ಜನ ಇದ್ರು. ಮೂವರನ್ನ ಅವರ ಮನೆಯವರು ತಳ್ಳಿಕೊಂಡು ಹೋದ್ರು. ಹಸಿರು ಸೀರೆ ಅಜ್ಜಿ ಏಳಲೇ ಇಲ್ಲ."

ತಿರುಗಿ ನೋಡಿದರೆ ಆ ಖಾಲಿ ಕುರ್ಚಿಗಳ ನಡುವೆ ಅವರೊಬ್ಬರೇ ಕುಳಿತಿದ್ದರು. ಜನ ಹೋದ ದಿಕ್ಕನ್ನೇ ನೋಡುತ್ತಿದ್ದರು. ಮಡಿಲಲ್ಲಿ ಚೀಲ, ಎರಡು ಕೈಯಲ್ಲೂ ಅದರ ಹಿಡಿಕೆ.

ಹತ್ತಿರ ಹೋಗಿ, "ಅಮ್ಮಾ, ಎಲ್ಲಿಗೆ ಹೊರಟಿದ್ದೀರಿ?" ಎಂದೆ.

ಕನ್ನಡ ಕೇಳಿದ್ದೇ ಅವರ ಮುಖ ಬದಲಾಯಿತು. "ಸಿಡ್ನಿಗೆ ರೀ. ಮಗಳ ಬಾಣಂತನಕ್ಕ. ಮೊದಲ ಸಿಂಗಪುರದಾಗ ಇಳೀಬೇಕಂತ. ನನ್ನ ಕರಕೊಂಡ ಬಂದ ಹುಡುಗ ಇಲ್ಲೇ ಕೂಡ್ರಿ ಅಂತ ಕೈಸನ್ನಿ ಮಾಡಿ ಹೋಗ್ಯಾನ್ರೀ."

ಗೇಟು ಬದಲಾಗಿದೆ ಎಂದೆವು. ಅವರು ಏಳಲಿಲ್ಲ. "ಅವ ಬಂದು ಹುಡುಕಿದ್ರ? ನಾ ಇಲ್ಲದಿದ್ರ ಆ ಹುಡುಗಗ ಬೈಸಿಗಳ ಆಗಂಗಿಲ್ಲೇನ್ರೀ?"

ತನ್ನ ವಿಮಾನ ತಪ್ಪುವುದಕ್ಕಿಂತ ಆ ಹುಡುಗನಿಗೆ ತೊಂದರೆ ಆಗುವುದು ಅವರಿಗೆ ದೊಡ್ಡದಾಗಿತ್ತು. ಚೀಲದಿಂದ ಒಂದು ರಟ್ಟಿನ ಚೀಟಿ ತೆಗೆದು ಮೊಮ್ಮಗಳ ಕೈಗೆ ಕೊಟ್ಟರು. ಮಗಳು ಬರೆದುಕೊಟ್ಟದ್ದು. ಒಂದು ಬದಿ ಕನ್ನಡ, ಒಂದು ಬದಿ ಇಂಗ್ಲಿಷು. ನನ್ನ ತಾಯಿಗೆ ಕನ್ನಡ ಮಾತ್ರ ಬರುತ್ತದೆ, ದಯವಿಟ್ಟು ಗೇಟು ತೋರಿಸಿ ಎಂದು ಇತ್ತು, ಕೆಳಗೆ ವಿಮಾನದ ಸಂಖ್ಯೆಗಳು. ಮೊಮ್ಮಗಳು ಅದನ್ನು ಓದಿ, ಪರದೆಯ ಹತ್ತಿರ ಓಡಿ ಹೋಗಿ ಸಂಖ್ಯೆ ಹೋಲಿಸಿ ಬಂದಳು. "ನಮ್ಮದೇ ವಿಮಾನ ಅಜ್ಜಿ, ಬನ್ನಿ. ಆ ಅಣ್ಣನಿಗೆ ನಾವೇ ಹೇಳ್ತೀವಿ" ಎಂದು ಅವರ ಕೈ ಹಿಡಿದಳು. ಆಗ ಎದ್ದರು.

ನಡಿಗೆಯಲ್ಲಿ ಅವರು ನನಗಿಂತ ಮುಂದೆ! ನಾನು ಏದುಸಿರು ಬಿಡುತ್ತಿದ್ದರೆ ಅವರು ಸೆರಗು ಸಿಕ್ಕಿಸಿಕೊಂಡು ದಾಪುಗಾಲು ಹಾಕುತ್ತಿದ್ದರು. ಮೊಮ್ಮಗಳಿಗೆ ತಡೆಯಲಾಗಲಿಲ್ಲ. "ಅಜ್ಜಿ, ನೀವು ಇಷ್ಟು ಚೆನ್ನಾಗಿ ನಡೀತೀರಿ. ವೀಲ್‌ಚೇರು ಯಾಕೆ ತಗೊಂಡ್ರಿ?"

ನಾನು ಅವಳನ್ನು ತಡೆಯಬೇಕು ಎನ್ನುವಷ್ಟರಲ್ಲಿ ಅವರು ನಕ್ಕರು. "ಆ ಗಾಡಿ ಕಾಲಿಗಲ್ಲವಾ, ಬಾಯಿಗೆ. ಹೊಲದಾಗ ದುಡದ ಕಾಲು ಗಟ್ಟಿ ಅದಾವ. ಇಲ್ಲಿ ಮಾತಾಡಾಕ ಬಾಯಿ ಇಲ್ಲ ನನಗ. ಗಾಡಿ ತಗೊಂಡ್ರ ಜೋಡಿ ಒಬ್ಬ ಮನಶ್ಯಾ ಬರ್ತಾನ ನೋಡು, ಅದಕ್ಕ."

ಇಪ್ಪತ್ತಾರನೇ ಗೇಟಿನಲ್ಲಿ ಸಾಲು ಇನ್ನೂ ಇತ್ತು. ಐದು ನಿಮಿಷದಲ್ಲಿ ಆ ಹುಡುಗ ಖಾಲಿ ವೀಲ್‌ಚೇರು ತಳ್ಳಿಕೊಂಡು ಓಡೋಡಿ ಬಂದ. ಮುಖ ಬಿಳಚಿಕೊಂಡಿತ್ತು. ಬೇರೊಂದು ವಿಮಾನದಿಂದ ಇಳಿದ ಇಬ್ಬರನ್ನು ಹೊರಗೆ ಬಿಟ್ಟುಬರಲು ಅವನೊಬ್ಬನನ್ನೇ ಕಳಿಸಿದ್ದರಂತೆ. ಅವನನ್ನು ಬೈಯಲು ಯಾರಿಗೂ ಮನಸ್ಸಾಗಲಿಲ್ಲ. ಹಸಿರು ಸೀರೆಯ ಅಜ್ಜಿ ಅವನ ಬೆನ್ನು ಸವರಿ, ಚೀಲದಿಂದ ಒಂದು ಶೇಂಗಾ ಹೋಳಿಗೆ ತೆಗೆದುಕೊಟ್ಟರು. ಇನ್ನೊಂದು ನನ್ನ ಮೊಮ್ಮಗಳಿಗೆ.

ಬೆಳಿಗ್ಗೆ ಸಿಂಗಪುರದಲ್ಲಿ ಇಳಿದಾಗ ವಿಮಾನದ ಬಾಗಿಲಲ್ಲೇ ಅವರ ಹೆಸರು ಬರೆದ ಹಲಗೆ ಹಿಡಿದು ಒಬ್ಬ ಹೆಂಗಸು ನಿಂತಿದ್ದರು. ಸಿಡ್ನಿಯ ಗೇಟಿಗೆ ಅವರೇ ಕರೆದೊಯ್ದರು. ಅಜ್ಜಿ ತಿರುಗಿ ಕೈ ಬೀಸಿದರು. ಮೊಮ್ಮಗಳು ಎರಡೂ ಕೈ ಬೀಸಿದಳು. ಬಿಳಿ ಅಂಗಿಯ ತಾತ ನಮ್ಮ ಮುಂದೆಯೇ ಹೋಗುತ್ತಿದ್ದರು. ಹೊರಬಾಗಿಲಲ್ಲಿ ಅವರ ಮಗ, ಸೊಸೆ, ಒಂದು ಪುಟ್ಟ ಮಗು. ಮಗುವನ್ನು ಎತ್ತಿಕೊಂಡ ಮೇಲೆ ಅವರು ಜೇಬು ಮುಟ್ಟಿ ನೋಡಿಕೊಂಡದ್ದು ಎಷ್ಟು ಸಲ ಗೊತ್ತೇ? ಒಂದು ಸಲವೂ ಇಲ್ಲ. ಮೊಮ್ಮಗಳು ಎಣಿಸಿದ್ದಾಳೆ.

ಮುಂದಿನ ಸಲ ಹೊರಟಾಗ

ಅಜ್ಜ ಅಜ್ಜಿಯರೇ, ಒಬ್ಬರೇ ಹೊರಡುವಾಗ ಹೆಸರು, ವಿಮಾನದ ಸಂಖ್ಯೆಗಳು, ಇಳಿಸಿಕೊಳ್ಳಲು ಬರುವವರ ಫೋನ್ ಸಂಖ್ಯೆ ಇರುವ ಚೀಟಿಯನ್ನು ಎರಡು ಭಾಷೆಯಲ್ಲಿ ಬರೆಸಿಟ್ಟುಕೊಳ್ಳಿ. ಕಾಲು ಗಟ್ಟಿಯಿದ್ದು ಭಾಷೆಯದಷ್ಟೇ ತೊಂದರೆಯಾದರೆ, ಜತೆಗೆ ಬಂದು ದಾರಿ ತೋರಿಸುವ ವ್ಯವಸ್ಥೆ ಇದೆಯೇ ಎಂದು ಟಿಕೆಟ್ ಮಾಡಿಸುವಾಗಲೇ ಮಕ್ಕಳಿಂದ ಕೇಳಿಸಿ. ನಿಜವಾಗಿ ನಡೆಯಲಾಗದವರಿಗೆ ಗಾಡಿ ಉಳಿಯುತ್ತದೆ. ಈಚೆಗೆ ಹಲವು ನಿಲ್ದಾಣಗಳು ಧ್ವನಿವರ್ಧಕದ ಘೋಷಣೆಯನ್ನು ಕಡಿಮೆ ಮಾಡಿವೆ. ಆದ್ದರಿಂದ ಪರದೆ ಕಾಣುವ ಜಾಗದಲ್ಲೇ ಕುಳಿತುಕೊಳ್ಳಿ. ಪಕ್ಕದವರನ್ನು ಕೇಳಲು ನಾಚಿಕೆ ಬೇಡ.

ಮಕ್ಕಳೇ, ನೀವು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಸಾಮಾನಿನ ಪಟ್ಟಿಯಿಂದ ಎಲ್ಲರೂ ಎರಡು ಹೆಜ್ಜೆ ಹಿಂದೆ ನಿಂತರೆ ಎಲ್ಲರಿಗೂ ತಮ್ಮ ಬ್ಯಾಗು ಕಾಣುತ್ತದೆಯೇ, ನಿಮ್ಮ ಮನೆಯವರಿಂದಲೇ ಶುರುಮಾಡಿ ನೋಡಿ. ಕಪ್ಪು ಸೂಟ್‌ಕೇಸಿಗೆ ಅಜ್ಜಿಯ ಹಳೆ ಸೀರೆಯ ಅಂಚಿನ ತುಂಡು ಕಟ್ಟಿ, ದೂರದಿಂದಲೇ ಗುರುತು ಸಿಗುತ್ತದೆ. ಯಾರ ಫೋಟೋವನ್ನೂ ತೆಗೆಯಬೇಡಿ, ಯಾರನ್ನೂ ನೋಡಿ ನಗಬೇಡಿ. ಸುಮ್ಮನೆ ಎಣಿಸಿ.

ಮತ್ತೆ, ಎಲ್ಲರೂ ಎದ್ದು ಹೊರಟಾಗ ಒಂದು ಸಲ ಹಿಂದೆ ತಿರುಗಿ ನೋಡಿ. ಯಾರಾದರೂ ಕುಳಿತೇ ಇದ್ದರೆ ಅಪ್ಪ ಅಮ್ಮನಿಗೋ ಅಜ್ಜಿಗೋ ಹೇಳಿ, ಜತೆಯಲ್ಲಿ ಹೋಗಿ ಕೇಳಿ: "ಎಲ್ಲಿಗೆ ಹೊರಟಿದ್ದೀರಿ?"